ನೀರು ಹಾಕದ ಕಾಫಿ

ಜಹೀರಾಬಾದಿನಲ್ಲಿ ಕಾಫಿ ಎಂದರೆ ಜನ ಜ್ವರಕ್ಕೆ ಕೊಡುವ ಕಷಾಯ ಎಂದುಕೊಂಡಿದ್ದ ಕಾಲವದು. ಮೂಲೆಗೊಂದು ಚಹಾದ ಹೋಟೆಲು, ಮನೆಗೆ ಯಾರು ಬಂದರೂ ಮೊದಲು ಚಹಾ, ಆಮೇಲೆ ಮಾತು. ಇಡೀ ಓಣಿಯಲ್ಲಿ ನಮ್ಮದೊಂದೇ ಮನೆಯಲ್ಲಿ ಬೆಳಗಾದರೆ ಕಾಫಿಯ ವಾಸನೆ ಏಳುತ್ತಿತ್ತು. ಪಕ್ಕದ ಮನೆಯ ಖಮರ್ ಖಾಲಾ ಗೋಡೆಯಾಚೆಯಿಂದ, "ಏನೋ ಸುಡಾಕತ್ತದ ನೋಡ್ರಿ ಅಮ್ಮಾ" ಎಂದು ದಿನಾ ಕೂಗುತ್ತಿದ್ದಳು. ಗೊತ್ತಿದ್ದೂ ಗೊತ್ತಿದ್ದೂ ಕೂಗುವುದು ಅವಳ ತಮಾಷೆ. ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಆ ಮಾತಿಗೆ ಉತ್ತರ ಕೊಡುವಷ್ಟು ಕೆಳಗೆ ಎಂದೂ ಇಳಿಯಲಿಲ್ಲ.

ಆಯಿ ಹುಟ್ಟಿ ಬೆಳೆದದ್ದು ತಾಂಡೂರಿನಲ್ಲಿ. ಅವಳ ಅಪ್ಪನಿಗೆ ರೈಲ್ವೆ ಸ್ಟೇಷನ್ನಿನ ಹತ್ತಿರ ಹಾಸುಗಲ್ಲಿನ ಅಡ್ಡೆ ಇತ್ತು. ಮದರಾಸಿನ ಕಡೆಯ ಗಾರ್ಡೊಬ್ಬ ಅವರ ಪಡಸಾಲೆಯಲ್ಲಿ ಕೂತು ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದನಂತೆ. ಅವನಿಂದ ಕಾಫಿ ಆ ಮನೆಗೆ ಬಂತು, ಬಂದದ್ದು ಹೋಗಲಿಲ್ಲ. ಆಯಿ ಮತ್ತು ಅವಳ ತಮ್ಮ ಈರಣ್ಣ ಇಬ್ಬರೂ ಒಂದೇ ಹಿತ್ತಾಳೆ ಬಟ್ಟಲಿನಲ್ಲಿ ಸರದಿಯ ಮೇಲೆ ಗುಟುಕು ಕುಡಿದು ಬೆಳೆದರು. ಮುಂದೆ ಆಯಿ ಜಹೀರಾಬಾದಿಗೆ ಸೊಸೆಯಾಗಿ ಬಂದಳು. ತಮ್ಮ ಬೇಳೆ ವ್ಯಾಪಾರ ಹಿಡಿದು ನಾರಾಯಣಖೇಡಕ್ಕೆ ಹೋಗಿ ನೆಲೆನಿಂತ. ನಮ್ಮ ಕಡೆ ಆ ಊರನ್ನು ಯಾರೂ ಪೂರ್ತಿ ಹೆಸರಿನಿಂದ ಕರೆಯುವುದಿಲ್ಲ, ಖೇಡ ಎಂದರೆ ಸಾಕು. ಹಾಗಾಗಿ ಅವನು ನಮಗೆ ಖೇಡದ ಮುತ್ಯಾ, ಅಂದರೆ ಅಜ್ಜ. ಆದರೆ ನಾನು ಹುಟ್ಟಿದ ಮೇಲೆ ಅವನ ಮುಖವನ್ನೇ ನೋಡಿರಲಿಲ್ಲ.

ಆಯಿ ಊರಿಗೆ ಹೊರಟಳೆಂದರೆ ಸೊಂಟದ ಸಂಚಿಯಲ್ಲಿ ಎಲೆಯಡಿಕೆಯ ಜೊತೆ ಪುಟ್ಟ ತಗಡಿನ ಡಬ್ಬಿಯಲ್ಲಿ ಕಾಫಿಪುಡಿ ಇರಲೇಬೇಕು. ಪಸ್ತಾಪುರದ ಹತ್ತಿರದ ನಮ್ಮ ಹೊಲದಲ್ಲಿ ಮೂರು ಕಲ್ಲು ಹೂಡಿ, ಹತ್ತಿಕಟ್ಟಿಗೆ ಉರಿಸಿ, ಬುತ್ತಿಯ ಡಬ್ಬಿಯಲ್ಲೇ ಕಾಫಿ ಮಾಡಿದವಳು ಅವಳು. ಬೀದರಿನ ಧರ್ಮಶಾಲೆಯಲ್ಲಿ ಬಕೆಟ್ಟಿನ ಮೇಲೆ ಬಟ್ಟೆ ಬಿಗಿದು ಸೋಸಿದ್ದಳು. ಫಿಲ್ಟರು ಇಲ್ಲ ಎಂದು ಕಾಫಿ ಬಿಡುವವರು ಕಾಫಿ ಕುಡಿಯುವವರೇ ಅಲ್ಲ ಎಂಬುದು ಅವಳ ಖಡಾಖಂಡಿತ ಅಭಿಪ್ರಾಯ. ಪುಡಿಯನ್ನು ಕುದಿಸಬಾರದು, ಅವಸರ ಮಾಡಬಾರದು, ಇವೆರಡನ್ನು ಬಿಟ್ಟರೆ ಬೇರೆಲ್ಲವನ್ನೂ ಅವಳು ಕ್ಷಮಿಸುತ್ತಿದ್ದಳು.

ತಮ್ಮನನ್ನು ಮಾತ್ರ ಕ್ಷಮಿಸಿರಲಿಲ್ಲ. ಅವರ ಅವ್ವ ಕೊನೆಗಾಲದಲ್ಲಿ ಖೇಡದಲ್ಲಿ ಮಗನ ಹತ್ತಿರ ಇದ್ದಳು. ಅವಳು ತೀರಿಕೊಂಡ ಸುದ್ದಿ ಜಹೀರಾಬಾದಿಗೆ ತಡವಾಗಿ ಬಂತು. ಆಯಿ ಸಿಕ್ಕ ಲಾರಿ ಹತ್ತಿ ಅಳುತ್ತ ಓಡಿದರೆ, ಅವ್ವನಿಗೆ ಮಣ್ಣು ಕೊಟ್ಟು ಬಂದವರು ಅಂಗಳದ ಬಾವಿಕಟ್ಟೆಯ ಮೇಲೆ ಕೊಡಗಟ್ಟಲೆ ನೀರು ಹುಯ್ದುಕೊಂಡು ಸ್ನಾನ ಮಾಡುತ್ತಿದ್ದರಂತೆ. ತಮ್ಮನೂ ಒದ್ದೆ ಮೈಯಲ್ಲಿ ನಿಂತಿದ್ದನಂತೆ. ಹೆತ್ತವಳ ಮುಖ ನೋಡಲು ಮಗಳಿಗೆ ಬಿಡಲಿಲ್ಲವಲ್ಲ ಎಂದು ಆಯಿ ಅಲ್ಲಿಯೇ, ಊರವರೆಲ್ಲರ ಮುಂದೆ, ಆ ಬಾವಿಯ ಕಡೆ ಕೈ ಮಾಡಿ ಆಣೆ ಇಟ್ಟಳು: "ಈ ಬಾವಿ ನೀರು ನನ್ನ ಗಂಟಲಾಗ ಇಳದ್ರ ನಾ ನಮ್ಮವ್ವನ ಮಗಳಲ್ಲ." ಬಂದ ಕಾಲಲ್ಲೇ ತಿರುಗಿ ಬಂದಳು. ಆಮೇಲೆ ಅಕ್ಕತಮ್ಮಂದಿರ ನಡುವೆ ಮಾತಿರಲಿಲ್ಲ, ಮದುವೆ ಮುಂಜಿಗೆ ಹೋಗಿಬರುವುದೂ ಇರಲಿಲ್ಲ.

ನನಗಾಗ ಶಾಲೆಗೆ ಬೇಸಿಗೆಯ ರಜೆ. ಅಪ್ಪ ಕರಣಕೋಟದ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ಭಾನುವಾರಕ್ಕೆ ಮಾತ್ರ ಮನೆಗೆ ಬರುತ್ತಿದ್ದ. ಅವ್ವ ನನ್ನ ತಮ್ಮನನ್ನು ಹಡೆದು ಬಾಣಂತಿಕೋಣೆಯಲ್ಲಿದ್ದಳು. ಒಂದು ಮುಂಜಾನೆ ಖೇಡದಿಂದ ಬಂದ ಬೆಲ್ಲದ ವ್ಯಾಪಾರಿಯೊಬ್ಬ ಬಾಗಿಲಲ್ಲಿ ನಿಂತು, ಒಳಗೆ ಬರಲೋ ಬೇಡವೋ ಎನ್ನುವಂತೆ ಕಂಬ ಹಿಡಿದುಕೊಂಡ.

"ಅಮ್ಮಾ, ಈರಣ್ಣ ಸಾವ್ಕಾರ್‍ದು ಭಾಳ ಕಠಿಣ ಅದ್ರಿ. ಏನೂ ನುಂಗವಲ್ರು. ಗುಳಿಗಿ ಕೊಟ್ರೂ ಉಗುಳ್ತಾರ. ಅಕ್ಕನ ಕೈಯಾಂದು ಕಾಫಿ ಬೇಕು ಅಂತಾರ."

ಆಯಿ ಅಕ್ಕಿ ಆರಿಸುತ್ತಿದ್ದಳು. ಮೊರ ಅಲ್ಲಾಡುವುದು ನಿಂತಿತು.

"ಕಾಫಿ ಅಷ್ಟೇ ಅಂದಾನೋ, ಮತ್ತೇನರ ಅಂದಾನೋ?"

ಅವನು ತಲೆ ಕೆರೆದುಕೊಂಡ. "ಅಕ್ಕ ನಮ್ಮನ್ಯಾಗ ಕುಂತು, ನನ್ನ ಮುಂದ ತಾನೂ ಕುಡದ್ರ ಕುಡೀತೀನಿ ಅಂದಾರ್ರಿ. ಇಲ್ಲಂದ್ರ ಹಿಂಗೇ ಹೋಗ್ತೀನಿ ಅಂದಾರ."

ಇದು ಬೇಡಿಕೆಯಲ್ಲ, ಪಣ ಎಂದು ನನಗೂ ತಿಳಿಯಿತು. ಹಟದಲ್ಲಿ ಅಕ್ಕನನ್ನು ಮೀರಿಸಿದ ತಮ್ಮ. ಖಮರ್ ಖಾಲಾ ಗೋಡೆಯ ಮೇಲಿಂದ ಇಣುಕಿದ್ದಳು, ಅವತ್ತು ಏನೂ ಕೂಗಲಿಲ್ಲ. ಆಮೇಲೆ ಆಯಿ ಎದ್ದು ಒಲೆ ಹೊತ್ತಿಸಿದಳು.

ಫಿಲ್ಟರಿಗೆ ಪುಡಿ ಹಾಕಿ ಡಿಕಾಕ್ಷನ್ ಇಳಿಸಿ, ಟಾನಿಕ್ಕಿನ ಗಾಜಿನ ಬಾಟಲಿ ತೊಳೆದು ಅದರಲ್ಲಿ ತುಂಬಿದಳು. ತಿರುಪಿನ ಮುಚ್ಚಳದ ಹಿತ್ತಾಳೆ ತಂಬಿಗೆಯ ಕಂಠದವರೆಗೆ ನಮ್ಮ ಮನೆಯ ನೀರು ತುಂಬಿ, ತಣ್ಣಗಿರಲೆಂದು ಒದ್ದೆ ಮಾಡಿದ ತೆಳು ಬಿಳಿ ಬಟ್ಟೆ ಸುತ್ತಿದಳು. ಅವ್ವ ಬಾಣಂತಿಕೋಣೆಯಿಂದಲೇ ಕೇಳಿದಳು: "ನೀರ್ ಯಾಕ್ರಿ ಅತ್ತಿ? ಅಲ್ಲಿ ಬಾವಿ ಇಲ್ಲೇನು?"

"ಆ ಬಾವಿ ಅದ ಅಂತೇ ಒಯ್ಯಾಕತ್ತೀನಿ" ಎಂದಳು ಆಯಿ.

ಡಿಕಾಕ್ಷನ್ನು ಸಿದ್ಧವಿತ್ತಲ್ಲ, ಫಿಲ್ಟರನ್ನು ಮನೆಯಲ್ಲೇ ಬಿಟ್ಟೆವು. ಆಯಿಯ ಕಣ್ಣಿಗೆ ಪೊರೆ ಬಂದಿತ್ತು, ಬಸ್ಸಿನ ಬೋರ್ಡು ಓದಲು ಯಾರಾದರೂ ಬೇಕು. ಹಾಗಾಗಿ ನಾನು ಹೊರಟೆ.

ಬಸ್ಸು ಸೂಜಿ ಬಿದ್ದರೂ ನೆಲ ಮುಟ್ಟದಷ್ಟು ತುಂಬಿತ್ತು. ನನ್ನ ತೊಡೆಯ ಮೇಲೆ ಬಾಟಲಿಯ ಚೀಲ, ಆಯಿಯ ತೊಡೆಯ ಮೇಲೆ ತಂಬಿಗೆ. ಬೀಡಿಯ ಹೊಗೆ, ಬೆವರು, ಯಾರದೋ ಬುತ್ತಿಯ ಪುಂಡಿಪಲ್ಯದ ಹುಳಿ ವಾಸನೆ. ಊರು ಬಿಟ್ಟು ಸ್ವಲ್ಪ ಹೊತ್ತಿಗೆ ಡ್ರೈವರು ದನಗಳನ್ನು ತಪ್ಪಿಸಲು ಬ್ರೇಕು ಹಾಕಿದ. ಮೇಲಿನ ಹಲಗೆಯಿಂದ ಉಳ್ಳಾಗಡ್ಡಿಯ ಚೀಲ ಸೀದಾ ನನ್ನ ತೊಡೆಗೆ ಬಂದು ಬಿತ್ತು. ಚಟ್ ಎಂದಿತು. ನನ್ನ ಲಂಗದ ತುಂಬ ಕರಿ ನೀರು ಹರಿಯಿತು, ಇಡೀ ಬಸ್ಸು ಕಾಫಿ ನಾರಿತು.

"ಏನ್ ಒಡೀತವ್ವ? ಔಷಧ ಏನು?" ಎಂದ ಕಂಡಕ್ಟರು.

"ಹೌದಪ್ಪ, ಔಷಧಾನೇ" ಎಂದಳು ಆಯಿ. ನನಗೆ ಅಳು ಒತ್ತಿ ಬಂದಿತ್ತು, ಬೈಸಿಕೊಳ್ಳಲು ತಯಾರಾಗಿ ಕೂತಿದ್ದೆ. ಅವಳು ಬೈಯಲಿಲ್ಲ. ಗಾಜಿನ ಚೂರು ಒಂದೊಂದಾಗಿ ಆರಿಸಿ ಕಿಟಕಿಯಾಚೆ ಎಸೆದಳು. ಸೊಂಟದ ಸಂಚಿ ಮುಟ್ಟಿ ನೋಡಿಕೊಂಡು, "ಪುಡಿ ಅದ, ನೀರು ಅದ. ಹೋಗಿ ಮಾಡಿದ್ರಾತು, ಬಿಡು" ಎಂದಳು. ಆದರೆ ತಂಬಿಗೆಯನ್ನು ಹಿಡಿದ ಅವಳ ಕೈ ಇನ್ನಷ್ಟು ಬಿಗಿಯಾದದ್ದನ್ನು ನಾನು ನೋಡಿದೆ.

ಆಮೇಲೆ ಟೈರು ಪಂಚರಾಯಿತು. ಸುತ್ತ ಮರವಿಲ್ಲ, ಊರಿಲ್ಲ, ತೊಗರಿ ಕೊಯ್ದು ಬೋಳಾದ ಕರಿಹೊಲಗಳು ಬಾಯಿಬಿಟ್ಟು ಬಿದ್ದಿದ್ದವು. ಜನವೆಲ್ಲ ಇಳಿದು ಬಸ್ಸಿನ ನೆರಳಿಗೆ ಒತ್ತಿಕೊಂಡು ಕೂತರು. ಸ್ಟೆಪ್ನಿಯೂ ಗಾಳಿ ಬಿಟ್ಟಿತ್ತು, ಕಂಡಕ್ಟರು ದಾರಿಹೋಕನೊಬ್ಬನ ಸೈಕಲ್ ಕೇಳಿ ಪಡೆದು ಹಿಂದಿನ ಊರಿಗೆ ಹೋದ. ಆಯಿ ಬಾಯಿಯಲ್ಲಿ ಮಂತ್ರ ಗುನುಗುತ್ತ ರಸ್ತೆಯನ್ನೇ ನೋಡುತ್ತಿದ್ದಳು. ನನಗೆ ಬಾಯಾರಿ ನಾಲಿಗೆ ಅಂಟುತ್ತಿತ್ತು. ಕೇಳಲಿಲ್ಲ. ಆ ನೀರು ಯಾಕೆ ಬಂದಿದೆ ಎಂದು ನನಗೆ ಗೊತ್ತಿತ್ತು.

ನಮ್ಮ ಪಕ್ಕದಲ್ಲಿ ಕೂಲಿಯ ಹೆಂಗಸೊಬ್ಬಳು ಕೂಸನ್ನು ಮಡಿಲಲ್ಲಿ ಹಾಕಿಕೊಂಡಿದ್ದಳು. ಅಳುತ್ತಿದ್ದ ಕೂಸು ಅಳುವುದನ್ನು ನಿಲ್ಲಿಸಿತು. ಅದೇ ಭಯವಾದದ್ದು. ಅದರ ಕುತ್ತಿಗೆ ಸೋತು ಹಿಂದಕ್ಕೆ ಬಿತ್ತು, ಕಣ್ಣು ಅರ್ಧ ಮುಚ್ಚಿತು. ಅವಳು ತಂಬಿಗೆ ನೋಡಿ ತೆಲುಗಿನಲ್ಲಿ, "ಅಮ್ಮಾ, ಜರ ನೀಳ್ಳಿಯ್ಯಿ" ಎಂದು ನೀರಿಗಾಗಿ ಕೈಯೊಡ್ಡಿದಳು.

ಆಯಿ ತಡಮಾಡಲಿಲ್ಲ. ತಿರುಪು ಬಿಚ್ಚಿ, ಬೆರಳು ಅದ್ದಿ ಕೂಸಿನ ತುಟಿಗೆ ಸವರಿದಳು, ಆಮೇಲೆ ಹನಿ ಹನಿ ಬಿಟ್ಟಳು, ನೆತ್ತಿಗೆ ಹಾಕಿದಳು, ಎದೆಗೆ ಹಾಕಿದಳು. ಕೂಸು ಚೀರಿತು. ಎಲ್ಲರೂ ಉಸಿರುಬಿಟ್ಟರು. ಉಳಿದದ್ದನ್ನು ತಾಯಿ ಕುಡಿದಳು, ಆಮೇಲೆ ಒಬ್ಬ ಮುದುಕ ಕೈಯೊಡ್ಡಿದ, ಕೊನೆಯ ಗುಟುಕನ್ನು ಆಯಿ ನನಗೇ ಕುಡಿಸಿದಳು.

"ಆಯಿ, ಕಾಫಿಗಿ?"

"ಸುಮ್ನ ಕುಂದ್ರು. ಕೂಸು ಸತ್ತಿದ್ರ ಕಾಫಿ ಯಾರಿಗಿ ಬೇಕಾಗಿತ್ತು?"

ಒಣಗಿದ ಬಿಳಿ ಬಟ್ಟೆಯನ್ನು ಮಡಿಚಿ ಚೀಲಕ್ಕೆ ಹಾಕಿದಳು. ಅವಳೂ ಕುಡಿದಿರಲಿಲ್ಲ.

ಖೇಡದಲ್ಲಿ ಇಳಿದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಬಸ್ ಸ್ಟ್ಯಾಂಡಿನ ನಳ ತಿರುವಿದರೆ ಬರೀ ಗಾಳಿ ಬಂತು. ಅಲ್ಲಿಯ ಹೋಟೆಲಿನ ಹಂಡೆಯಲ್ಲಿ ನೀರಿತ್ತು. ಎಲ್ಲಿಯದು ಎಂದು ಆಯಿ ವಿಚಾರಿಸಿದಳು. "ಎಲ್ಲಿದು ಅಂದ್ರ? ಈರಣ್ಣ ಸಾವ್ಕಾರ್ ಬಾವಿದು. ಊರಾಗ ಸಿಹಿನೀರು ಅದೊಂದೇ ಅಲ್ರಿ" ಎಂದ ಮಾಲೀಕ ಹೆಮ್ಮೆಯಿಂದ. ಆಯಿ ಖಾಲಿ ತಂಬಿಗೆ ಹಿಡಿದು ಮುಂದೆ ನಡೆದಳು.

ಬಾಗಿಲಿಗೆ ಬಂದವರ ಕಾಲಿಗೆ ಮೊದಲು ನೀರು ಕೊಡುವುದು ನಮ್ಮಲ್ಲಿಯ ರೂಢಿ. ಮುತ್ಯಾನ ಸೊಸೆ ಮಹಾದೇವಿ ಮಾಮಿ ತುಂಬಿದ ಚಂಬು ಹಿಡಿದು ಓಡಿಬಂದಳು. ಓಣಿಯ ಹೆಂಗಸರೆಲ್ಲ ಬಾಗಿಲುಗಳಲ್ಲಿ ನಿಂತಿದ್ದರು, ಆಯಿ ಏನು ಮಾಡುತ್ತಾಳೋ ನೋಡೋಣ ಎಂದು. ಆಯಿ ಚಂಬನ್ನು ದಾಟಿಕೊಂಡು, ಧೂಳು ಕಾಲಲ್ಲೇ ಹೊಸ್ತಿಲು ತುಳಿದು ಒಳಗೆ ಹೋದಳು. ಮಾಮಿ ಚಂಬು ಹಿಡಿದೇ ನಿಂತಳು. ಅವಳ ಗಂಡ ಡಾಕ್ಟರನ್ನು ಕರೆತರಲು ಹೋಗಿದ್ದ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಮುತ್ಯಾ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಎಲುಬು ಎಣಿಸಬಹುದಾದಷ್ಟು ಸೊರಗಿದ್ದ. ಆಯಿ ತಲೆಯ ಹತ್ತಿರ ನಿಂತಳು, ಕರೆಯಲಿಲ್ಲ. ಅವನು ತಿರುಗಿ ನೋಡಿ ಅಂದ: "ಬಂದಿ ಏನ್ ಯಕ್ಕಾ. ಈ ಸಲ ಮುಖ ನೋಡಾಕ ಟೈಮಿಗೆ ಬಂದಿ."

"ಕಾಫಿ ಕುಡಸಾಕ ಬಂದೀನಿ. ಮುಖ ನೋಡಾಕಲ್ಲ."

"ನೀ ಕುಡದ್ರ ಕುಡೀತೀನಿ."

"ಕುಡೀತೀನಂದೆ."

"ಇಲ್ಲೇ. ಹೊರಸಿನ ಮ್ಯಾಲ ಕುಂತು." ಅಷ್ಟು ಹೇಳಿ ಅವನು ತುಟಿ ಬಿಗಿಹಿಡಿದು ಕಣ್ಣು ಮುಚ್ಚಿಕೊಂಡ. ಎದೆ ಏರಿ ಇಳಿಯುವುದು ಕಾಣುತ್ತಿತ್ತೇ ವಿನಾ ಉಸಿರಿನ ಸದ್ದಿರಲಿಲ್ಲ.

ಅಡುಗೆಮನೆಯಲ್ಲಿ ಮಾಮಿ ಬಿಕ್ಕಲು ಶುರುಮಾಡಿದಳು. ಮುತ್ಯಾನ ಹೆಂಡತಿ ಸತ್ತ ಮೇಲೆ ಆ ಮನೆಯಲ್ಲಿ ಕಾಫಿ ಮಾಡುವವರಿರಲಿಲ್ಲ. ಫಿಲ್ಟರಿನ ಕೆಳಗಿನ ಡಬ್ಬಿ ಜೋಳ ಅಳೆಯುವ ಮಾಪಾಗಿತ್ತು, ಮೇಲಿನದು ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಚಹಾ ಸೋಸುವ ಜಾಳಿಗೆಯ ಕಣ್ಣು ಕಾಫಿಪುಡಿಗೆ ಬಹಳ ದೊಡ್ಡದು. ಹಾಲು ಮಾತ್ರ ಇತ್ತು. ಬೆಳಗ್ಗೆ ಕರೆದ ಎಮ್ಮೆಯ ಹಾಲು ಕಾಸಿ ಗಡಿಗೆಯಲ್ಲಿಟ್ಟಿದ್ದರು. ಹಾಲಿನ ಮೇಲೆ ತನ್ನ ಆಣೆ ಇಲ್ಲ ಎಂದು ಆಯಿ ನಿಂತಲ್ಲೇ ತೀರ್ಮಾನ ಮಾಡಿದಳು. ಆದರೆ ಡಿಕಾಕ್ಷನ್ನಿಗೆ ನೀರು ಬೇಕಲ್ಲ.

"ಮಸೂತಿ ಮೂಲ್ಯಾಗ ಬೋರಿಂಗ್ ಅದ. ಆದ್ರ ಸವಳು ನೀರ್ರಿ ಅತ್ತಿ" ಎಂದಳು ಮಾಮಿ.

"ಸವಳಿರ್ಲಿ. ಬಾವಿದಲ್ಲಲ್ಲ. ಗೌರೀ, ಓಡು."

ನಾನು ತಂಬಿಗೆ ಹಿಡಿದು ಓಡಿದೆ. ಬೋರಿಂಗಿನ ಹಿಡಿಕೆ ನನ್ನ ಎತ್ತರಕ್ಕಿಂತ ಮೇಲಿತ್ತು, ಜೋತುಬಿದ್ದು ಜೋತುಬಿದ್ದು ಒತ್ತಿ ತುಂಬಿಸಿ ತಂದೆ. ಆಯಿ ನೀರು ಕಾಯಿಸಿ, ಇಳಿಸಿ, ಪುಡಿ ಹಾಕಿ ಮುಚ್ಚಿಟ್ಟಳು. ತಂಬಿಗೆಗೆ ಸುತ್ತಿದ್ದ ಬಿಳಿ ಬಟ್ಟೆಯಲ್ಲಿ ಸೋಸಿದಳು. ಅರ್ಧ ಹಾಲು ಬೇರೆ ಪಾತ್ರೆಗೆ ಸುರಿದು ಕಾಸಿ ಅದಕ್ಕೆ ಸೇರಿಸಿದಳು. ಕ್ಷಣದಲ್ಲಿ ಹಾಲು ಒಡೆದು ಮೊಸರಿನ ತುಣುಕುಗಳ ಹಾಗೆ ತೇಲಿತು. ಸವಳು ನೀರು ತನ್ನ ಬುದ್ಧಿ ತೋರಿಸಿತ್ತು.

ಒಳಗಿನಿಂದ ಕೆಮ್ಮು ಕೇಳಿಸಿತು. ಒಣಗಿದ, ನೀಳವಾದ ಕೆಮ್ಮು. ಅದು ನಿಂತ ಮೇಲೆ ನಾವು ಮೂವರೂ ಉಸಿರು ಹಿಡಿದು ಕಿವಿಗೊಟ್ಟೆವು. ಮತ್ತೆ ಒಂದು ಸಣ್ಣ ಕೆಮ್ಮು ಬಂದಾಗ ಮಾಮಿ ಆಯಿಯ ಕಾಲು ಹಿಡಿದುಕೊಂಡಳು.

"ಅತ್ತೀ, ಒಂದ್ ಬಟ್ಟಲ ನೀರ್ರಿ. ಒಂದೇ ಒಂದ್ ಬಟ್ಟಲ. ಬಾವಿದು ಅಂತ ನಾ ಯಾರಿಗೂ ಹೇಳಂಗಿಲ್ಲ. ಈ ಹುಡುಗೀನೂ ಹೇಳಂಗಿಲ್ಲ."

"ನಮ್ಮವ್ವಗ ಗೊತ್ತಾಗಂಗಿಲ್ಲೇನು?" ಎಂದಳು ಆಯಿ. ಅವಳ ದನಿ ಒಡೆದಿತ್ತು. ಬೆಳಗಿನಿಂದ ಒಂದು ಹನಿಯೂ ಇಳಿಯದ ಗಂಟಲು. ಅವಳು ಮಾಮಿಯನ್ನು ಎಬ್ಬಿಸಿ, ಒಡೆದ ಹಾಲನ್ನು ಬಚ್ಚಲಿಗೆ ಸುರಿದಳು. ನನಗೆ ಆಗ ಆಯಿಯ ಮೇಲೆ ವಿಪರೀತ ಸಿಟ್ಟು ಬಂತು, ನಿಜ ಹೇಳುತ್ತೇನೆ. ಸತ್ತವಳಿಗಾಗಿ ಬದುಕಿದವನನ್ನು ಕೊಲ್ಲುತ್ತಿದ್ದಾಳೆ ಎನಿಸಿತು. ಆದರೆ ಅವಳ ಮುಖ ನೋಡಿದರೆ ಸಿಟ್ಟು ಉಳಿಯುತ್ತಿರಲಿಲ್ಲ. ಕೊಟ್ಟ ಮಾತಿಗೂ ತಮ್ಮನಿಗೂ ನಡುವೆ ಸಿಕ್ಕಿಹಾಕಿಕೊಂಡು ಅವಳು ಮುಪ್ಪಾಗುತ್ತಿದ್ದುದು ಕಣ್ಣಿಗೇ ಕಾಣುತ್ತಿತ್ತು.

"ಆಯಿ, ಉಳದ ಹಾಲಿನಾಗೇ ಪುಡಿ ಹಾಕಿದ್ರ?" ಎಂದೆ. ನೀರೇ ಹಾಕದಿದ್ದರಾಯಿತಲ್ಲ ಎಂದು ಮಕ್ಕಳ ಬುದ್ಧಿಗೆ ಹೊಳೆದದ್ದು ಅಷ್ಟೇ.

"ಅದು ಕಾಫಿ ಅಲ್ಲ, ಪಾಯಸ ಆಗ್ತದ" ಎಂದು ರೇಗಿದಳು. ರೇಗಿ, ಗಡಿಗೆಯ ಕಡೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. "ಕೆನಿ ತೆಗಿಬೇಕು. ಜಿಡ್ಡಿದ್ರ ಪುಡಿ ಬಾಯಿ ಬಿಡಂಗಿಲ್ಲ" ಎಂದಳು ತನ್ನಷ್ಟಕ್ಕೆ.

ಉಳಿದಿದ್ದು ಎರಡು ಬಟ್ಟಲಿಗೆ ಸಾಕಾಗುವಷ್ಟೇ ಹಾಲು. ಇದೂ ಕೆಟ್ಟರೆ ಸಂಜೆಯ ಹಾಲು ಕರೆಯುವವರೆಗೆ ಕಾಯಬೇಕು, ಅಲ್ಲಿಯವರೆಗೆ ಮುತ್ಯಾ ಕಾಯುತ್ತಾನೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆಯಿ ಕೆನೆಯನ್ನು ಒಂದು ಎಳೆಯೂ ಉಳಿಯದಂತೆ ತೆಗೆದಳು. ಹಾಲನ್ನು ಒಲೆಗೆ ಇಟ್ಟಳು, ಉಕ್ಕು ಬಂದ ಕೂಡಲೇ ಕೆಳಗೆ ಇಳಿಸಿದಳು, ಉಕ್ಕು ಕುಸಿಯುವವರೆಗೆ ಕಾದು, ಡಬ್ಬಿಯಲ್ಲಿದ್ದ ಪುಡಿಯನ್ನೆಲ್ಲ ಸುರಿದು ತಟ್ಟೆ ಮುಚ್ಚಿದಳು. ಯಾವತ್ತೂ ಹಾಕುವುದಕ್ಕಿಂತ ಹೆಚ್ಚು ಪುಡಿ. ಹಾಲಿನಲ್ಲಿ ಪುಡಿ ನಿಧಾನಕ್ಕೆ ಬಿಟ್ಟುಕೊಡುತ್ತದಂತೆ.

ನಾನು ತಟ್ಟೆ ಎತ್ತಲು ಕೈ ಚಾಚಿದೆ. ಆಯಿ ಕೈಗೆ ಹೊಡೆದಳು.

"ಅವ್ಸರ ಮಾಡಬ್ಯಾಡ. ಪುಡಿ ತಳಕ್ಕ ಇಳೀಬೇಕು."

"ಮುತ್ಯಾ..."

"ಮುತ್ಯಾನೂ ಕಾಯ್ತಾನ. ಕಹಿ ಕಾಫಿ ಕುಡಿಸಿ ಕಳಸಂಗಿಲ್ಲ ನಾ ಅವನ್ನ."

ಅಷ್ಟು ಹೊತ್ತು ಒಂದು ಪಾತ್ರೆಯನ್ನು ನಾನು ಜೀವಮಾನದಲ್ಲಿ ನೋಡುತ್ತ ಕೂತದ್ದಿಲ್ಲ. ಮಾಮಿ ನಡುಮನೆಯ ಬಾಗಿಲಿಗೂ ಒಲೆಗೂ ನಡುವೆ ಓಡಾಡುತ್ತಿದ್ದಳು. ಕೊನೆಗೆ ಆಯಿ ತಟ್ಟೆ ತೆಗೆದಳು. ಬಿಳಿ ಬಟ್ಟೆಯ ಎರಡು ತುದಿ ನಾನು ಹಿಡಿದೆ, ಎರಡು ತುದಿ ಮಾಮಿ ಹಿಡಿದಳು. ಆಯಿ ಸುರಿದಳು. ಬಟ್ಟೆಯಿಂದ ಇಳಿದದ್ದು ದಟ್ಟ ಬೆಲ್ಲದ ಬಣ್ಣದ ಕಾಫಿ. ಸಕ್ಕರೆ ಹಾಕಿ ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಎತ್ತರದಿಂದ ಎರೆದಾಗ ನೊರೆ ಎದ್ದು, ಆ ಚಹಾದ ಮನೆಯ ತುಂಬ ನಮ್ಮ ಮನೆಯ ಮುಂಜಾನೆ ಹರಡಿತು. ಒಳಗಿನಿಂದ ಮುತ್ಯಾ, "ಯಕ್ಕಾ" ಎಂದ. ವಾಸನೆ ಅಲ್ಲಿಯವರೆಗೂ ಹೋಗಿತ್ತು.

ಆಯಿ ಹೊರಸಿನ ಅಂಚಿಗೆ ಕೂತಳು. ಅವನ ಎದುರಿಗೆ ಬಟ್ಟಲೆತ್ತಿ ತಾನೇ ಮೊದಲು ಕುಡಿದಳು. ಒಂದು ಗುಟುಕು, ಎರಡು ಗುಟುಕು. ಅವನು ಅವಳ ಗಂಟಲನ್ನೇ ನೋಡುತ್ತಿದ್ದ. ಆಮೇಲೆ ಬಾಯಿ ತೆರೆದ. ಮಾಮಿ ಅವನ ತಲೆ ಎತ್ತಿ ಹಿಡಿದಳು, ಆಯಿ ಚಮಚದಲ್ಲಿ ಹಾಕಿದಳು. ನುಂಗಿದ. ಇನ್ನೊಂದು ನುಂಗಿದ. ಮಾಮಿಯ ಕಣ್ಣಿಂದ ನೀರು ಅವನ ಹೆಗಲಿಗೆ ಬೀಳುತ್ತಿತ್ತು.

"ಇದ್ರಾಗ ನೀರಿಲ್ಲ" ಎಂದ ಮುತ್ಯಾ, ನಾಲಿಗೆ ಚಪ್ಪರಿಸಿ.

"ಇಲ್ಲ."

"ಆಣಿ ಉಳಿಸ್ಕೊಂಡಿ."

"ಉಳಿಸ್ಕೊಂಡೆ."

ಅವನು ಸೀಲಿಂಗಿನ ತೊಲೆಯ ಕಡೆ ಕಣ್ಣು ಹೊರಳಿಸಿದ. ತುಟಿಯ ಮೂಲೆಯಲ್ಲಿ ಏನೋ ಮಿಸುಕಿತು. "ಯಕ್ಕಾ, ನಮ್ಮ ಎಮ್ಮಿ ಯಾವ ಬಾವಿ ನೀರು ಕುಡೀತದ?"

ಆಯಿಯ ಕೈಯಲ್ಲಿದ್ದ ಬಟ್ಟಲು ಬಾಯಿಗೂ ಮಡಿಲಿಗೂ ನಡುವೆ ನಿಂತುಬಿಟ್ಟಿತು. ನಾನು ಗೋಡೆಗೆ ಒತ್ತಿಕೊಂಡೆ. ನನಗೆ ಆಯಿ ಗೊತ್ತಿದ್ದಳು. ಈಗ ಬಟ್ಟಲು ಗೋಡೆಗೆ ಹೋಗುತ್ತದೆ, ಅವಳು ನನ್ನ ರಟ್ಟೆ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಾಳೆ, ಇನ್ನು ಮೇಲೆ ಈ ಮನೆಯ ಹೆಣಕ್ಕೂ ಬರುವುದಿಲ್ಲ ಎಂದುಕೊಂಡೆ. ಹೊರಗೆ ಅಂಗಳದಲ್ಲಿ ಎಮ್ಮೆ ಬಾಲ ಬೀಸುವುದು ಬಾಗಿಲಿನಿಂದ ಕಾಣುತ್ತಿತ್ತು. ಅದರ ಮುಂದೆ ಕಲ್ಲಿನ ದೋಣಿ, ದೋಣಿಯ ತುಂಬ ಬಾವಿಯ ನೀರು.

"ಮೂಳ" ಎಂದಳು ಆಯಿ ಕೊನೆಗೆ. "ಕುಡದ ಮ್ಯಾಲ ಹೇಳ್ತಿ?"

"ಮೊದಲ ಹೇಳಿದ್ರ ನೀ ಕುಡೀತಿದ್ದಿಲ್ಲ."

ಆಯಿ ನಕ್ಕಳೋ ಅತ್ತಳೋ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಭುಜ ಅಲುಗುತ್ತಿತ್ತು, ಸೆರಗು ಬಾಯಿಯ ಮೇಲಿತ್ತು. ಮುತ್ಯಾ ಕೈ ಚಾಚಿ ಅವಳ ಮಣಿಕಟ್ಟು ಹಿಡಿದ.

"ಅವತ್ತ ಕಾಯಬೇಕಿತ್ತು ಯಕ್ಕಾ. ಬ್ಯಾಸಿಗಿ ಅದ, ಇಡಬಾರ್ದು ಅಂತ ಹಿರ್‍ಯಾರು ಅಂದ್ರು. ಅಕ್ಕ ಬರ್ಲಿ ಅನ್ನಾಕ ನನ್ನ ಬಾಯಿ ಬರ್ಲಿಲ್ಲ. ಅನ್ನಬೇಕಿತ್ತು."

ಆಯಿ ಚಮಚ ಕೈಗೆತ್ತಿಕೊಂಡಳು. ಅವನ ಬಟ್ಟಲಿನಲ್ಲಿ ಉಳಿದದ್ದನ್ನು ಪೂರ್ತಿ ಕುಡಿಸಿದಳು, ಬಾಯಿ ಒರೆಸಿದಳು. ಆಮೇಲೆ ತಲೆ ಎತ್ತದೆ, "ಮಹಾದೇವೀ, ಒಂದ್ ಚಂಬು ನೀರ್ ತಾ" ಎಂದಳು. ಮಾಮಿ ಯಾವ ನೀರು ಎಂದು ಗೊತ್ತಾಗದೆ ಗಾಬರಿಯಿಂದ ನಿಂತಳು. "ಬಾವಿದೇ ತಾರವ್ವ. ಮುಂಜಾನಿಂದ ಗಂಟಲ ಒಣಗ್ಯಾದ."

ಆಯಿ ತಲೆಯ ಮೇಲೆ ಸೆರಗು ಎಳೆದುಕೊಂಡು, ಕಣ್ಣು ಮುಚ್ಚಿ, ಚಂಬು ಎತ್ತಿ ಗಟಗಟ ಕುಡಿದಳು. ಅವಳು ಮನಸ್ಸಿನಲ್ಲೇ ಅವ್ವನಿಗೆ ಏನು ಹೇಳಿಕೊಂಡಳೋ ಗೊತ್ತಿಲ್ಲ. ಮುಗಿಸಿ, "ಸಿಹಿ ಅದ" ಎಂದಳು, ಅಷ್ಟೇ.

ಮುತ್ಯಾ ಆ ಬೇಸಿಗೆಯನ್ನು ದಾಟಿದ. ಗಂಜಿ ಕುಡಿದ, ಗುಳಿಗೆ ನುಂಗಿದ, ಅಕ್ಕನ ಜೊತೆ ಜಗಳವಾಡುವಷ್ಟು ಚೇತರಿಸಿಕೊಂಡ. ಅಪ್ಪ ಬಂದು ನನ್ನನ್ನು ಕರೆದುಕೊಂಡು ಹೋದ, ಆಯಿ ಅಲ್ಲಿಯೇ ಉಳಿದಳು. ಮಳೆ ಹಿಡಿದು ತೊಗರಿ ಬಿತ್ತುವ ಹೊತ್ತಿಗೆ ಅವನು ಹೋದ. ಆಯಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳಂತೆ.

ಹೋದ ವರ್ಷ ಖೇಡಕ್ಕೆ ಹೋಗಿದ್ದೆ. ಮಾಮಿಯ ಮರಿಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಸಮಾರಂಭ. ಬಾವಿ ಈಗಲೂ ಇದೆ, ಮೇಲೆ ಕಬ್ಬಿಣದ ಜಾಲರಿ ಹೊದಿಸಿ ಮೋಟರು ಕೂಡಿಸಿದ್ದಾರೆ. ಬಾಗಿಲಲ್ಲಿ ಯಾರೋ ಹುಡುಗಿ ಬಂದವರ ಕೈಗೆಲ್ಲ ಸೀಲ್ ಮಾಡಿದ ಪುಟ್ಟ ನೀರಿನ ಬಾಟಲಿ ಕೊಡುತ್ತಿದ್ದಳು. "ಬ್ಯಾಡವ್ವ, ನಂದು ಅದ" ಎಂದು ನನ್ನ ಚೀಲದ ಬಾಟಲಿ ತೋರಿಸಿದೆ. ಅವಳು ನಕ್ಕು ಮುಂದಿನವರ ಕಡೆ ತಿರುಗಿದಳು. ಅಲ್ಲಿದ್ದ ನೂರಾರು ಜನರ ಕೈಯಲ್ಲೂ ಅವರವರ ಬಾಟಲಿ, ಯಾರಿಗೂ ಯಾರ ಮೇಲೂ ಸಿಟ್ಟಿರಲಿಲ್ಲ. ಎಲ್ಲರೂ ನಗುನಗುತ್ತಲೇ ಮಾತಾಡಿದೆವು.

ಕಾಫಿಗೂ ಈಗ ತೊಂದರೆಯಿಲ್ಲ. ಪ್ರಯಾಣಕ್ಕೆಂದೇ ನನ್ನ ಹತ್ತಿರ ಪುಟ್ಟ ಕೆಟಲು, ಮಡಚಿಡುವ ಸೋಸಣಿಗೆ, ಗಾಳಿಯಾಡದ ಪೊಟ್ಟಣದಲ್ಲಿ ಪುಡಿ ಎಲ್ಲ ಇವೆ. ಯಾವ ಊರಿನ ಯಾವ ಕೋಣೆಯಲ್ಲಾದರೂ, ಯಾರನ್ನೂ ಏನೂ ಕೇಳದೆ, ಒಳ್ಳೆಯ ಕಾಫಿ ಮಾಡಿಕೊಳ್ಳಬಲ್ಲೆ. ಆಯಿ ನೋಡಿದ್ದರೆ ತನಗೇ ಬೇಕೆಂದು ಆ ಸೋಸಣಿಗೆಯನ್ನು ಕಸಿದುಕೊಳ್ಳುತ್ತಿದ್ದಳು.

ಮರಳಿ ಬರುವಾಗ ಬಸ್ಸು ಊರು ಬಿಟ್ಟ ಮೇಲೆ ಬಾಯಾರಿ ಬಾಟಲಿ ತೆರೆದೆ. ಆಗ ಗೊತ್ತಾಯಿತು. ಬೆಳಗಿನಿಂದ ಸಂಜೆಯವರೆಗೆ ಆ ಮನೆಯಲ್ಲಿದ್ದು, ಆ ಬಾವಿಯ ಒಂದು ಹನಿಯನ್ನೂ ಮುಟ್ಟದೆ ಬಂದಿದ್ದೆ. ಆಯಿ ಆ ನೀರು ಮುಟ್ಟಲಿಲ್ಲವೆಂದು ಒಂದು ಜೀವ ತುಟಿ ಬಿಗಿಹಿಡಿದು ಮಲಗಿತ್ತು. ನಾನು ಮುಟ್ಟಲಿಲ್ಲ ಎಂಬುದನ್ನು ಯಾರೂ ನೋಡಲೇ ಇಲ್ಲ.